ಒಳಗಿಸೆ

ಘೋರ್ಪಡಿ ಬಜಾರದಲ್ಲಿ, ಮೆಟ್ಟಿಲ ಕೆಳಗೆ,
ಒಂದು ಮಷೀನು, ಕೆಂಡದ ಇಸ್ತ್ರಿ, ಒಬ್ಬನೇ ಹಿಡಿಸುವ ಕನ್ನಡಿ.
ಮೈಂದರ್ಗಿಯಿಂದ ಅಪ್ಪ ತಂದದ್ದು ಕತ್ತರಿ ಮತ್ತು ಕನ್ನಡ.
ಸಾಣೆ ಹಿಡಿಸಿದ್ದು ಕತ್ತರಿಗೆ ಮಾತ್ರ.

ರಣನವರೆ ಸಾಹೇಬರು ಮೊದಲು ಬಂದಾಗ ಬರೇ ಕ್ಯಾಪ್ಟನ್.
ಎದೆ ಮೂವತ್ತೆಂಟು, ಸೊಂಟ ಮೂವತ್ತು,
ಎಡ ಹೆಗಲು ಬಲಕ್ಕಿಂತ ಅರ್ಧ ಬೆರಳು ತಗ್ಗು.
"ಯಾರಿಗೂ ಹೇಳಬೇಡ," ಅಂದರು.
ಹತ್ತಿ ತುಂಬಿ ಸಮ ಮಾಡಿದೆ, ಅಂದಿನಿಂದ ಪ್ರತಿ ಕೋಟಿಗೂ.
ಹೇಳಿರಲಿಲ್ಲ. ಇವತ್ತು ಹೇಳುತ್ತಿದ್ದೇನೆ.

ಅಳತೆಗೆ ಬಾಗಿದಾಗ
ನನ್ನ ಅಂಗಿಯೊಳಗಿನ ಬಿಳಿ ಗಂಟು ಕಂಡಿತು ಅವರಿಗೆ.
"ಏನದು?"
"ಲಿಂಗ, ಸಾಹೇಬ."
"ತೋರಿಸು."
"ತೋರಿಸೋದಲ್ಲ ಅದು."
ಇಸ್ತ್ರಿಯಲ್ಲಿ ಕೆಂಡ ಚಟ್ಟೆಂದಿತು. ಗಿರಾಕಿ ಹೋಯಿತು ಅಂದುಕೊಂಡೆ.
"ಹಾಗಾದರೆ ನನಗೂ ಒಂದು ಕಿಸೆ ಹೊಲಿ.
ಒಳಗೆ, ಎಡಕ್ಕೆ. ಹೊರಗಿನಿಂದ ಗೆರೆ ಕಾಣಬಾರದು."

ಅದರಲ್ಲಿ ದೇವರನ್ನಂತೂ ಇಟ್ಟಿರಲಾರರು,
ಅವರಿಗೆ ಸ್ವಂತದ್ದೊಂದು ದೇವರೇ ಇರಲಿಲ್ಲ.
ಸಿಖ್ಖರ ಪಲ್ಟನಿಗೆ ಹೊರಟಾಗ ತಲೆವಸ್ತ್ರ ಹೊಲಿಸಿಕೊಂಡರು,
ತಮಿಳು ಹುಡುಗರ ನಡುವಿಂದ ಹಣೆತುಂಬ ವಿಭೂತಿಯಲ್ಲಿ ಬಂದರು.
"ಯಾರನ್ನು ಸಾಯಲು ಕಳಿಸುತ್ತೇನೋ
ಅವರ ದೇವರೆದುರು ಬೂಟು ಬಿಚ್ಚಬೇಕು.
ನನಗೆ ಬರುವ ಶಾಸ್ತ್ರ ಇಷ್ಟೇ."

ಆಮೇಲೆ ದಿಲ್ಲಿ, ಮಂತ್ರಿಗಿರಿ, ಕಡುನೀಲಿ ಬಂದಗಲಾ, ಐದು ಗುಂಡಿ.
ಮುಂಚೆ ರಿಪೇರಿಗೆ ಬಂದ ಪ್ಯಾಂಟು ಮಂಡಿಯಲ್ಲಿ ಸವೆದಿರುತ್ತಿತ್ತು,
ಈಗ ಕೋಟು, ಮೊಣಕೈಯಲ್ಲಿ.
ಕುರ್ಚಿಯ ತೋಳಿಗೂ ಹಲ್ಲಿರುತ್ತದೆ.
ಚರ್ಮದ ತೇಪೆ ಹಾಕಲೇ ಎಂದೆ.
"ಬೇಡ. ಎಷ್ಟು ಹೊತ್ತು ಕೂತೆನೆಂದು ನನಗೆ ತಿಳಿಯಲಿ."

ಒಂದು ದಿನ ಹಡಪ್ಸರದವರು ಅಂಗಡಿಗೇ ಬಂದರು,
ಗುಡಿಗೆ ಅಡಿಗಲ್ಲು, ಪೇಟ, ಹಾರ, ಫೋಟೋದವನು ಸಮೇತ.
ಸಾಹೇಬರು ನನ್ನ ಸ್ಟೂಲಿನ ಮೇಲೆ
ಒಂದೇ ತೋಳಿನ ಕೋಟಿನಲ್ಲಿ, ಮೈತುಂಬ ಟಾಚಣಿ.
"ಅಲ್ಲಿ ನಾನು ಹುಡುಗರ ಹಿಂದೆ ನಿಂತು ಕೈಮುಗಿದವನು.
ನೀವು ಮುಂದೆ ನಿಲ್ಲಿಸುತ್ತೀರಿ.
ದೇವರಿಗೆ ಅಡ್ಡವಾಗುತ್ತೇನೆ, ಬಿಡಿ."
ಹಾರ ನನ್ನ ಮಷೀನಿನ ಮೇಲೆ ಎರಡು ದಿನ ಬಾಡಿತು.

ಊರು ಹೊತ್ತಿಕೊಂಡ ವರ್ಷ
ಸಿಪಾಯಿಗಳನ್ನು ಬೀದಿಗಿಳಿಸುವ ಕಾಗದಕ್ಕೆ ಸಹಿ ಅವರದೇ.
ಮೂರನೆಯ ದಿನಕ್ಕೆ ಬೆಂಕಿ ಆರಿತು. ಸತ್ತವರು ಆರು.
ಅದರಲ್ಲೊಬ್ಬ ನನಗೆ ಗುಂಡಿ ಕೊಡುವ ಮುನಾಫನ ತಮ್ಮ,
ಹಾಲು ತರಲು ಹೋದವನು.

ತಿಂಗಳ ಮೇಲೆ ಬಂದರು, ಕಾರು ದೂರ ನಿಲ್ಲಿಸಿ.
"ವಿಚಾರಣೆ ಇದೆ. ಒಂದು ಕೋಟು ಬೇಕು."
"ಕುರ್ಚಿ ಬಿಡಬಹುದಿತ್ತಲ್ಲ," ಅಂದೆ, ಸಾಹೇಬ ಅನ್ನದೆ.
"ಬಿಟ್ಟರೆ ಪ್ರಶ್ನೆ ನನ್ನ ಗುಮಾಸ್ತನಿಗೆ ಹೋಗುತ್ತದೆ."
ಮತ್ತೆ ಮಾತಿಲ್ಲ. ಅಳತೆ ಹಿಡಿಯಲಿಲ್ಲ ನಾನು. ಬಾಯಿಪಾಠವಿತ್ತು.

ಆ ಕೋಟಿಗೆ ಹತ್ತಿ ತುಂಬಲಿಲ್ಲ.
ಬೇಕೆಂದೇ.
ಪೇಪರಿನಲ್ಲಿ ಚಿತ್ರ ಬಂತು:
ನ್ಯಾಯಮೂರ್ತಿಗಳೆದುರು, ನೆಟ್ಟಗೆ, ಒಂದು ಹೆಗಲು ಜೋತು.
ಇಡೀ ದೇಶ ನೋಡಿತು ಆ ಅರ್ಧ ಬೆರಳನ್ನು.
ದೂರು ಬರಲಿಲ್ಲ. ಹಣ ಬಂತು, ಎಂದಿನಂತೆ, ಹತ್ತು ರೂಪಾಯಿ ಹೆಚ್ಚು.

ಈಗ ಸಾಹೇಬರಿಲ್ಲ. ವಾನವಡಿಯ ಬಂಗಲೆಯಿಂದ
ಬಾಯಿಸಾಹೇಬರು ಹನ್ನೊಂದು ಕೋಟು ಕಳಿಸಿದ್ದಾರೆ,
ಬಿಚ್ಚಿ ಸಣ್ಣ ಮಾಡು, ಯಾರಿಗಾದರೂ ಆಗಲಿ ಎಂದು.

ಹೊಸ ಕೋಟಿನ ಕಿಸೆಯ ಬಾಯಿಗೆ ನಾವು ಕಚ್ಚಾ ಹೊಲಿಗೆ ಹಾಕಿ ಕೊಡುತ್ತೇವೆ,
ಜೋಲು ಬೀಳದಿರಲೆಂದು. ಗಿರಾಕಿ ಮನೆಯಲ್ಲಿ ಕತ್ತರಿಸಿಕೊಳ್ಳುತ್ತಾನೆ.
ಹತ್ತು ಕೋಟಿನ ಒಳಗಿಸೆಯಲ್ಲಿ
ನನ್ನ ಬಿಳಿ ದಾರ ಹಾಗೇ ಇತ್ತು.
ಬಟ್ಟೆಯ ಮೇಲ್ಭಾಗ ಮಾತ್ರ ಸವೆದಿತ್ತು,
ಅಂಗೈಯಷ್ಟಗಲ.

ಹತ್ತಿಯಿಲ್ಲದ ಆ ಒಂದರಲ್ಲಿ
ದಾರ ಕತ್ತರಿಸಿದೆ.
ಒಳಗೆ ಬೆರಳು ಹಾಕಿದೆ. ಏನೂ ಇಲ್ಲ.
ಇತ್ತೋ, ಜೊತೆಗೆ ಸುಟ್ಟಿತೋ, ಬಾಯಿಸಾಹೇಬರು ತೆಗೆದರೋ.

ಹತ್ತನ್ನು ಬಿಚ್ಚಿ ಕೊಟ್ಟಿದ್ದೇನೆ.
ಇದು ಮೊಳೆಗೆ ತೂಗುತ್ತಿದೆ, ಎಡಕ್ಕೆ ಒಂಚೂರು ವಾಲಿ.
ಮುನಾಫ ಗುಂಡಿ ಕೊಡಲು ಬಂದಾಗ
ನೋಡುತ್ತಾನೆ. ಯಾರದೆಂದು ಕೇಳುವುದಿಲ್ಲ.