ಜರಡಿಗೆ ಸಿಗದ್ದು

ಗಿಣಿಗೇರಿ ರೈಲ್ವೆ ಗೇಟಿನ ಈಚೆ ನಮ್ಮ ಗಿರಣಿ.
ಎರಡು ಬೆರಳಾಗ ತಿಕ್ಕಿದ್ರ ಸಾಕು, ಹೇಳತೀನಿ:
ಇದು ರೊಟ್ಟಿಗೆ, ಇದು ಸಂಗಟಿಗೆ,
ಇದು ಬಿಸಲು ಕಾಣದ ಜ್ವಾಳ, ನಾಳೆ ಮುಗ್ಗತೈತಿ.
ನಮ್ಮಪ್ಪ ಲಾಡಸಾಬ ಹತ್ತಿ ಹಿಂಜಾಂವ.
ಬಿಲ್ಲಿನ ನಾರಿ ಮಿಡಿದ್ರ ಮನಿ ತುಂಬ ಬಿಳಿ ಮೋಡ.
ರಾತ್ರಿ ಕೆಮ್ಮಿ, ಚೂರು ಬೆಲ್ಲ ಬಾಯಿಗಿಟ್ಟು ಮಲಗತಿದ್ದ.
ಧೂಳು ನಮಗ ಹೊಸದಲ್ಲ.
ಧೂಳಿನ ಅನ್ನಾನ ಉಂಡಿದ್ದು.

ಶಾಹೀನಳ ಜೋಳಿಗಿ ಕಟ್ಟಿದ್ದು ಗಿರಣಿ ಮೂಲ್ಯಾಗ.
ಪಟ್ಟಾದ ಸಪ್ಪಳ ನಿಂತ್ರ ಎದ್ದು ಅಳತಿತ್ತು ಕೂಸು.
ರೆಪ್ಪಿ ಮ್ಯಾಲ ಹಿಟ್ಟು, ಮೂಗಿನ ತುದಿಗೆ ಹಿಟ್ಟು,
ಸೀನಿ ನಗತಿತ್ತು, ತಿರುಗಿ ಸೀನತಿತ್ತು.

ಎಂಟನೇತ್ತೆಯೊಳಗ, ಮಂಜು ಬಿದ್ದ ಒಂದು ಮುಂಜಾನೆ,
ಸೇರು ಹಿಡಿದು ನಿಂತಾಕಿ ಹಂಗ ಕುಂತಳು.
ಎಣ್ಣಿ ಕಾಣದ ಬಾಗಲಾ ಯಾರೋ
ಆಕಿ ಎದಿಯೊಳಗ ತೆಗದು ಮುಚ್ಚಿದಂಗ ಸಪ್ಪಳ.
ಮೋಟರ್ ಬಂದ್ ಮಾಡಿದೆ.
ಕಲ್ಲು ನಿಲ್ಲಾಕ ಎಷ್ಟೊತ್ತು ಹಿಡೀತೈತಿ ಅಂತ
ಅವತ್ತ ನನಗ ಗೊತ್ತಾತು.

ನಂದ ತಪ್ಪು ಅಂದುಕೊಂಡೆ.
ಗ್ವಾಡಿ ತೊಳದೆ, ಹಸಿ ಗೋಣಿಪಟ್ಟಿ ಇಳಿಬಿಟ್ಟೆ,
ಮಗಳನ್ನ ರಸ್ತೆ ಆಚೆ ನಿಲ್ಲಿಸಿದೆ.

ಕೊಪ್ಪಳದ ಡಾಕ್ಟರ್ ಊದಾಕ ಹಚ್ಚಿದ್ರು.
ಊದಿದಳು, ಊದಿದಳು, ಗೆರಿ ಅರ್ಧಕ್ಕ ಬಿತ್ತು.
ಚೀಟಿ ಹಿಂದ ಒಂದು ಕೂದಲ ಬರದ್ರು,
ರಸ್ತೆದಷ್ಟು ಅಗಲ. ಪಕ್ಕಕ್ಕ ಒಂದು ಗುಂಡಗಲ್ಲು:
"ಇದು ನಿಮ್ಮ ಹಿಟ್ಟು."
ಆಮ್ಯಾಲ ಪೆನ್ನು ಕೆಳಗಿಟ್ಟು, "ಇನ್ನೊಂದು ಐತಿ, ಬರಿಯಾಕ ಬರೂದಿಲ್ಲ.
ಈ ಕೂದಲದ ಅಗಲಕ್ಕ ಸಾವಿರ ಸಾಲಾಗಿ ನಿಲ್ಲತಾವ" ಅಂದ್ರು.

ದೊಡ್ಡ ಧೂಳನ್ನ ಮೂಗು ಹಿಡಿದು ಹೊರಗ ಹಾಕತೈತಿ,
ನಡುವಿನದನ್ನ ಗಂಟಲು ಕೆಮ್ಮಿ ಉಗುಳತೈತಿ,
ಇದು ಮಾತ್ರ ಕಟ್ಟಕಡೆ ಗುಳ್ಳಿತನಕ ಇಳೀತೈತಂತ,
ಉಸಿರು ರಕ್ತದ ಕೈಗೆ ಕೈ ಕೊಡೂ ಜಾಗಕ್ಕ.
ಅಲ್ಲಿ ಕಾವಲಿನವರು ಗಾಬರಿಬಿದ್ದು ಏಳತಾರ.
ಕಳ್ಳ ಕಣ್ಣಿಗೆ ಬೀಳೂದಿಲ್ಲ.
ಎದುರಿಗೆ ನಿಂತಿದ್ದು ಯಾರು?
ಹುಟ್ಟಿದಾಗಿನಿಂದ ಬಲ್ಲ ಹಿಟ್ಟು.
ಅದನ್ನ ಹಿಡಿದು ಹೊಡೀತಾರ.
ಹೊಡದಾಟಕ್ಕ ಓಣಿ ಬಾತು
ದಾರದ ಚೀಲದ ಬಾಯಿ ಎಳದಂಗ ಬಿಗೀತೈತಿ.

"ಹೊಗಿ ಕಾಣದ ದಿನಾನೂ?"
"ಕಾಣದ ದಿನಾನೂ."
"ಯಾರದ್ರೀ ಇದು?"
ಡಾಕ್ಟರ್ ಕಿಡಕಿ ಕಡೆ ನೋಡಿದ್ರು.
ಕಾರ್ಖಾನಿದೋ, ಲಾರಿದೋ, ಯಾರ ಮನಿ ಒಲಿದೋ,
ಅದರ ಮ್ಯಾಲ ಹೆಸರಿಲ್ಲ, ಬರದು ಕೊಡಾಕ ಬರೂದಿಲ್ಲ.

ಮಾಳಗಿ ಮ್ಯಾಲಿನ ಕರಿ ಧೂಳಿಗೆ ಊರೆಲ್ಲ ಬೈತೈತಿ.
ನಾನೂ ಬೈದಾಕಿನ.
ಈಗ ಅನಸತೈತಿ, ಪಾಪ, ಅದು ಮರ್ಯಾದಿವಂತ,
ಒರಸಿದ್ರ ಅರಿವಿಗೆ ಬರತೈತಿ, ಇದ್ದೀನಿ ಅಂತೈತಿ.
ನನ್ನ ನಿಕಾಹದ ಓಢಣಿ ಬಿಸಲಿಗೆ ಹಿಡಿದೆ,
ಮನ್ಯಾಗ ಅದಕ್ಕಿಂತ ಸಣ್ಣ ಜರಡಿ ಇಲ್ಲ.
ಬಿಸಲು ತಡೀಲಿಲ್ಲ, ಸೀದಾ ದಾಟಿತು.

ಶಾಹೀನ ಈಗ ರಸ್ತೆ ಆಚೆ ಕುಂತು ಲೆಕ್ಕ ಬರೀತಾಳ.
"ಬಸಮ್ಮಕ್ಕಂದು ಆರು ಸೇರು!" ನಾನು ಕೂಗತೀನಿ,
ಗೂಡ್ಸ್ ಗಾಡಿ ಬಂದ್ರ ಇಬ್ಬರೂ ಸುಮ್ಮನ.
ಸಂಜಿಗೆ ಮೈ ತೊಳದು, ಸೀರಿ ಬದಲಿಸಿ,
ಆಮ್ಯಾಲ ಮಗಳನ್ನ ಮುಟ್ಟತೀನಿ.

ರಾತ್ರಿ ದಿಂಬಿನ ಬಾಜು ನೀಲಿ ಪಂಪು,
ಅದರ ಬೆನ್ನಿಗೆ ಅಂಕಿ: ನಲವತ್ತೊಂದು.
ಆಕಿ ಮೂಗಿನ ಹತ್ರ ಕೈ ಒಯ್ದು
ಬರೂ ಉಸಿರನ್ನ ಎರಡು ಬೆರಳಾಗ ತಿಕ್ಕಿ ನೋಡತೀನಿ.
ದಪ್ಪೋ, ಸಣ್ಣೋ.
ಬೆಚ್ಚಗೈತಿ, ಅಷ್ಟ ಗೊತ್ತಾಗತೈತಿ.