ಮೂರು ಗೇಣು, ನಾಲ್ಕು ಬೆರಳು

ಟ್ರಿಯೆಸ್ಟೆಯ ಇಳಿಜಾರು ಬೀದಿ. ಅಂಗಡಿಯ ಮುಂದೆ
ಹದಿನೆಂಟು ವರ್ಷದ ಫಿಯಟ್ ಪಾಂಡಾ
ಹಿಂಬಾಗಿಲೆತ್ತಿ ಆಕಳಿಸುತ್ತಿದೆ.

ಅಳತೆಪಟ್ಟಿ ಮನೆಯಲ್ಲೇ ಮರೆತಿದ್ದಾನೆ ಲೀವಿಯೊ.
ನೀವೆಸ್ ಬಗ್ಗಲಾರದೆ ಬಗ್ಗಿ
ಡಿಕ್ಕಿಗೆ ಗೇಣು ಹಾಕಿದಳು:
ಮೂರು ಗೇಣು, ಮೇಲೆ ನಾಲ್ಕು ಬೆರಳು.

ಮೊದಲನೆಯದು ಗಾಡಿಯಲ್ಲ, ಹಡಗು.
ಎರಡನೆಯದು ಮಡಚಿತೇನೋ ಹೌದು,
ಹಟಮಾರಿ ಕತ್ತೆಯಂತೆ ಒಂದು ಕಾಲು ಹೊರಗೇ ಚಾಚಿತು.
'ಚಕ್ರ ಕಳಚಿದರೆ ಸರಿಹೋಗುತ್ತೆ' ಎಂದ ಅಂಗಡಿಯವ,
ಕಳಚಿಯೂ ಬಿಟ್ಟ.
ಬೋರಾ ಗಾಳಿ ಅದಕ್ಕೇ ಕಾದಿತ್ತೋ ಏನೋ,
ಚಕ್ರ ಕಡಲಿನ ಕಡೆ ಹೊರಟೇಹೋಯಿತು,
ಅದರ ಹಿಂದೆ ಟೋಪಿ,
ಟೋಪಿಯ ಹಿಂದೆ ಲೀವಿಯೊ.

ಕೆಳಗೆ ಮೀನಂಗಡಿಯ ಮುದುಕಿ
ಊರುಗೋಲು ಅಡ್ಡಹಿಡಿದು ನಿಲ್ಲಿಸಿದಳಂತೆ:
'ಮಗುವೇ ಬಂದಿಲ್ಲ, ಆಗಲೇ ಇಷ್ಟು ಓಟವೇ!'

ಕೊನೆಗೆ ಕೊಂಡದ್ದು ಕೊಡೆಯಂತೆ ಮಡಚುವಂಥದು,
ಬಣ್ಣ ಇಬ್ಬರಿಗೂ ಹಿಡಿಸಲಿಲ್ಲ.
ಹಿಂಬಾಗಿಲು ಠಪ್ಪೆಂದು ಮುಚ್ಚಿತು.
ನಂಬಿಕೆ ಸಾಲದೆ ನೀವೆಸ್ ಮತ್ತೆ ತೆರೆದಳು.
ಪಕ್ಕದಲ್ಲಿ ಇನ್ನೂ ಉಳಿದಿತ್ತು
ಒಂದು ಬ್ರೆಡ್ಡು ಹಿಡಿಯುವಷ್ಟು ಜಾಗ.

ದಾರಿಯಲ್ಲಿ, ಸಿಗ್ನಲ್ಲಿನ ಕೆಂಪಿಗೆ ಕಾರು ನಿಂತಾಗ,
ಅದೇ ಗೇಣನ್ನು ಹೊಟ್ಟೆಯ ಮೇಲಿಟ್ಟುಕೊಂಡಳು.
ಎಷ್ಟಾಯಿತೆಂದು ಅವನು ಕೇಳಿದ.
ಹಸಿರು ಬಿತ್ತು, ನಡಿ ಅಂದಳು.