ವಸ್ತಿ ಗಾಡಿ

ಕಾಲು ಮುರಿದು ಬಂದವ ಅಂಬಾರಾಯ,
ಬಸ್ಸಿನ ಹಿಂದಿನ ಏಣಿಯಿಂದ ಜಾರಿ.
ಕಾಲಿನ ಚಿಂತಿ ಇಲ್ಲ, ಪಟ್ಟಿಯೊಳಗ ಭದ್ರ ಕುಂತದ.
ಕೆಟ್ಟಿದ್ದು ಮೂರನೇ ರಾತ್ರಿ.

ಕಲಬುರಗಿ ದೊಡ್ಡ ದವಾಖಾನಿ, ಗಂಡಸರ ವಾರ್ಡು,
ಕಿಟಕಿ ಬಾಜು ಮಂಚ.
ಗಾಳ್ಯಾಗ ಟಿಕೆಟು ಹರೀಲಿಕತ್ತಾನ.
ಹೆಬ್ಬೆಟ್ಟು, ತೋರುಬೆರಳು, ನಡುವ ಏನಿಲ್ಲ.
ಆದರೂ ಎಷ್ಟು ಜೋಪಾನ, ಒಂದಕ್ಕೊಂದು ಅಂಟದಂಗ
ಬೆರಳು ನಾಲಿಗಿಗೆ ಹಚ್ಚಿ.
ಮಷೀನು ಬಂದು ಎಷ್ಟೋ ವರ್ಷಾತು,
ಕೈಗೆ ಇನ್ನೂ ಹಳೇ ಪುಸ್ತಕದ ನೆನಪು.

"ಟೆಂಗಳಿ ಕ್ರಾಸ್, ಮಳಖೇಡ, ಸೇಡಂ, ಮುಧೋಳ,
ಮುಂದ ಸರೀರಿ, ಒಳಗ ಜಾಗಾ ಅದ."
ಸಲೈನಿನ ಪೈಪಿನ ಮ್ಯಾಲ ಇರುವಿ ಸಾಲು ಹೊಂಟದಂತ.
ಅವಕ್ಕೂ ಅರ್ಧ ಟಿಕೆಟು.

ಡಾಕ್ಟ್ರು ಸಣ್ಣ ಹುಡುಗಿ, ಬೀದರ ಕಡೀ ಮಾತು.
ನನ್ನ ಖಾಕಿ ನೋಡಿ, ಡ್ರೈವರೇನ್ರಿ, ಅಂದಳು,
ಹಂಗಾದ್ರ ತಿಳಿತದ ನಿಮಗ.
ಶೆರೆ ಅಂದ್ರ ಮಿದುಳಿಗೆ ಬ್ರೇಕು.
ದಿನಾ ಒತ್ತಿದ್ರ ಮಿದುಳು ಸುಮ್ನಿರತದೇನು?
ತಾನೂ ಕಲೀತದ, ಎಕ್ಸಿಲೇಟರ್ ಮ್ಯಾಲ ಕಾಲಿಡ್ತದ,
ಇವರು ಇಷ್ಟು ಒತ್ತಿದ್ರ ಅದು ಅಷ್ಟು.
ಹದಿನಾರು ವರ್ಷ ಎರಡೂ ಕಾಲು ಕೆಳಗ,
ಗಾಡಿ ನೆಟ್ಟಗ ಹೊಂಟಂಗ ಕಾಣ್ತದ.
ಮೂರು ದಿನದ ಹಿಂದ ಬ್ರೇಕಿನ ಕಾಲು ಒಮ್ಮಿಗೇ ತೆಗದೇವಿ.
ಇನ್ನೊಂದು ಕಾಲಿಗೆ ಸುದ್ದಿ ಮುಟ್ಟಿಲ್ಲ.

ಅದಕ್ಕ ಈ ಬೆವರು, ಅಂಗಿ ಹಿಂಡಿದ್ರ ಒಂದು ತಂಬಗಿ.
ನಾಡಿ ನೂರಾ ನಲವತ್ತು, ಖಾಲಿ ಎಂಜಿನ್ ಚೀರಿದಂಗ,
ಮಂಚದ ಕಬ್ಬಿಣ ಸೈತ ನಡಗತದ.
ಹಳದಿ ಬಾಟ್ಲಿ ಏರಿಸಿದಳು, ಬರೇ ಜೀವಸತ್ವ,
ಅದಿಲ್ದ ತಲಿಯೊಳಗ ಏನೇನು ಒಣಗ್ಯದೋ,
ಮಲಗೋ ಸೂಜಿನೂ ಕೊಟ್ಟೇನಿ, ಕಾಯ್ರಿ.

ಕಾಯೋದು ನನಗ ಹೊಸದಲ್ಲ.
ಹನ್ನೊಂದು ವರ್ಷ ಒಂದೇ ಗಾಡಿ.
ರಾತ್ರಿ ಒಂಬತ್ತಕ್ಕ ಮುಧೋಳ, ಡಬ್ಬಿ ಬಿಚ್ಚಿ,
ಸೀಟಿನ ಮ್ಯಾಲ ಚಾದರ ಹಾಸಿ.
ನಮ್ಮ ಡಿಪೋದಾಗ ಮಷೀನು ನನ್ನ ಬಾಯಿಗೆ ಇಡ್ತಾರ,
ಸ್ಟೇರಿಂಗ್ ಹಿಡಿಯೋನು ಊದಬೇಕು.
ಸೀಟಿ ಊದೋನಿಗೆ ಯಾರು ಊದಸ್ತಾರ?
ಅಷ್ಟೇ ಫರಕು ನಮ್ಮಿಬ್ಬರ ನಡುವ.

ಹಂತ ಹಂತದ ದರ ಬಾಯಿಪಾಠ ಇತ್ತು ಅವಗ.
ಎರಡು ಫುಲ್ಲು, ಒಂದು ಹಾಫು, ಮೂಟಿ ಒಂದು,
ರೆಪ್ಪಿ ಬಡಿಯೋದ್ರಾಗ ಚಿಲ್ಲರ ಕೈಗೆ.
ಯಾವಾಗ ಅಳಿಸಿತು, ಗೊತ್ತಾಗ್ಲಿಲ್ಲ.
ಗುಂಡಿ ಒತ್ತಿದ್ರ ಮಷೀನೇ ಹೇಳ್ತದ.
ಅವನ ತಲಿ ಖಾಲಿ ಆಗೋ ಸಪ್ಪಳ
ಆ ಕಿರ್ ಕಿರ್ ಒಳಗ ಮುಚ್ಚಿಹೋತು.
ಲೆಕ್ಕ ಕಮ್ಮಿ ಬಿದ್ದ ದಿನ ನಲವತ್ತೋ ಅರವತ್ತೋ
ನಾ ಹಾಕ್ತಿದ್ದೆ. ಒಳ್ಳೇದು ಮಾಡ್ತೀನಿ ಅನಕೊಂಡಿದ್ದೆ.
ಲಿವರೂ ಹಂಗೇ ಅಂತ,
ಭಾಳ ದಿನ ತನ್ನ ಕಿಸೆದಿಂದ ತುಂಬತದ,
ದೂರು ಹೇಳಂಗಿಲ್ಲ.

ಜಗದೇವಿ ಮಾತಾಡಂಗಿಲ್ಲ. ಗಂಡನ ಚರ್ಮದ ಚೀಲ
ತೊಡಿ ಮ್ಯಾಲ ಇಟಗೊಂಡಾಳ.
ಅದರಾಗಿಂದ ಲವಂಗ ಬಿದ್ದವು ನಾಕು, ಫರ್ಶಿ ಮ್ಯಾಲ.
ಇಬ್ಬರೂ ನೋಡಿದ್ವಿ. ಆರಿಸಲಿಲ್ಲ.

ಎರಡೂವರಿಗೆ ನನ್ನ ಕಡೆ ಹೊಳ್ಳಿದ. ಖೂನ ಸಿಗಲಿಲ್ಲ.
"ಎಲ್ಲಿಗ್ರಿ?"
ಹನ್ನೊಂದು ವರ್ಷ ಬೆನ್ನು ತೋರಿಸಿ ಕುಂತವ ನಾ,
ಅವ ನನ್ನ ಮಾರಿ ನೋಡಿದ್ದೇ ಕಮ್ಮಿ ಏನೋ.
"ಮುಧೋಳ, ಒಂದು" ಅಂದೆ.
ನೂರರ ನೋಟು ಇಟ್ಟೆ, ಖರೇದು.
ಟ್ಯೂಬಲೈಟಿಗೆ ಹಿಡಿದು ನೋಡಿದ.
"ಚಿಲ್ಲರ ಇಳಿಯಾಗ ಕೊಡ್ತೀನಿ."
ಇಲ್ಲದ ಚೀಟಿ ಅಂಗೈಯಾಗ ಇಟ್ಟ.
ಮಡಚಿ ಕಿಸೆದಾಗ ಇಟಗೊಂಡೆ,
ಚೆಕಿಂಗ್ ಬಂದ್ರ ಬೇಕಾಗ್ತದ.

ನಸುಕಿಗೆ ಸ್ಟೇಷನ್ ಕಡೆ ಆಟೋ ಸುರುವಾದವು.
ಸೂಜಿ ಹತ್ತಿತ್ತೋ ಏನೋ, ರೆಪ್ಪಿ ಇಳದಿದ್ದವು.
ಒಮ್ಮೆಲೇ ತುಟಿ ಗುಂಡಗ ಮಾಡಿ
ಇಲ್ಲದ ಸೀಟಿ ಊದಿದ, ಉದ್ದಕ, ಒಂದೇ ಸಲ.
"ಹೋಲ್ಡಾನ್."

ಸ್ಟೂಲಿನ ಮ್ಯಾಲ ಕುಂತವ ನಾ,
ಚಪ್ಪಲಿ ಬಿಟ್ಟ ಬಲಗಾಲು
ತಣ್ಣನ ಫರ್ಶಿ ಮ್ಯಾಲ, ತಾನೇ, ಪೂರಾ
ಒತ್ತಿಬಿಟ್ಟಿತು.